ತೊಳೆದ ಗುಬ್ಬಿ

ಯಾದಗಿರಿ
24 ನವೆಂಬರ್ 2023

ಪ್ರೀತಿಯ ದೇವಿಕಾ,

ನೀನು ಬಂದು ಹೋಗಿ ಇವತ್ತಿಗೆ ಎಂಟು ದಿನ. ಸಗರದಿಂದ ನೀನು ತಂದ ಸಜ್ಜೆಯ ಕಡಕ್ ರೊಟ್ಟಿ ನಿನ್ನೆ ಮುಗಿಯಿತು. ಕೊನೆಯದನ್ನು ನಮ್ಮ ಅತ್ತೆ ಹಾಲಿನಲ್ಲಿ ನೆನೆಸಿಕೊಂಡು ತಿಂದು, "ದೇವಿಕಾ ಮತ್ಯಾವಾಗ ಬರ್ತಾಳಂತ?" ಎಂದು ಕೇಳಿದರು.

ಒಂದು ವಿಷಯ ಕೇಳಬೇಕಿದೆ. ಫೋನಿನಲ್ಲಿ ಕೇಳಬಹುದಿತ್ತು, ಎರಡು ಸಲ ನಿನ್ನ ಹೆಸರಿನವರೆಗೆ ಹೋದ ಬೆರಳು ಹಿಂದಕ್ಕೆ ಬಂತು. ಎಂ.ಎ. ಮುಗಿಸಿದಾಗಿನಿಂದ ಮುಖ್ಯವಾದದ್ದನ್ನೆಲ್ಲ ನಾವು ಕಾಗದದಲ್ಲೇ ಬರೆದುಕೊಂಡವರು. ಇದನ್ನೂ ಹಾಗೇ ಬರೆಯುತ್ತಿದ್ದೇನೆ.

ನನ್ನ ಗಾಜಿನ ಕಪಾಟಿನಲ್ಲಿ ಮೂವತ್ತೆರಡು ಪಿಂಗಾಣಿ ಹಕ್ಕಿಗಳಿದ್ದವು. ಈಗ ಮೂವತ್ತೊಂದಿವೆ. ಹೋದದ್ದು ನಿಮ್ಮೂರಿನಿಂದ ಬಂದ ಗುಬ್ಬಿ. ಗುಬ್ಬಿ ಎಂದು ಕರೆಯುತ್ತೇವೆ ಅಷ್ಟೇ. ಅದು ನಮ್ಮ ಕಡೆಯ ಯಾವ ಹಕ್ಕಿಯೂ ಅಲ್ಲ, ಯಾರೋ ದೂರದೇಶದವನು ತನ್ನೂರಿನ ಮರದಲ್ಲಿ ಕಂಡು ಮಾಡಿದ್ದು. ಅಂಗೈಯಷ್ಟು ಗಾತ್ರ, ತುಸು ವಾರೆಯಾದ ಕತ್ತು, ರೆಕ್ಕೆಯ ತುದಿಗೆ ಎರಡು ನೀಲಿ ಗೆರೆ. ಸುಡುವಾಗ ಒಳಗಿನ ಗಾಳಿ ಹೋಗಲೆಂದು ಹೊಟ್ಟೆಯಡಿ ಬಿಟ್ಟ ಸಣ್ಣ ತೂತು. ನೂರು ವರ್ಷಕ್ಕೆ ಕಡಿಮೆಯಿಲ್ಲ.

ಅದು ಸಿಕ್ಕ ಬಗೆಯನ್ನು ನಿನಗೆ ಹೇಳಿದ್ದೇನೆ. ಬಳೆ ಮಾರುವ ಮದೀನಾಬೀ ಮನೆಮನೆಯ ಒಳಕೋಣೆಯವರೆಗೂ ಹೋಗುವವಳು. ಯಾರ ಗೋಡೆಯ ಮಾಡದಲ್ಲಿ ಯಾವ ಚೀನಿ ಸಾಮಾನು ಕೂತಿದೆ ಎಂದು ಅವಳಿಗೆ ಬಾಯಿಪಾಠ. ನನ್ನ ಅರ್ಧ ಹಕ್ಕಿಗಳನ್ನು ತೋರಿಸಿಕೊಟ್ಟವಳು ಅವಳೇ. ಎರಡು ವರ್ಷದ ಹಿಂದೆ ಸಗರದ ಭೀಮವ್ವನ ಮನೆಗೆ ಕರೆದುಕೊಂಡು ಹೋದಳು. ಭೀಮವ್ವ ಮುಂಬೈಗೆ ದುಡಿಯಲು ಹೊರಟು ಗಂಟು ಕಟ್ಟುತ್ತಿದ್ದಳು. "ಒಯ್ರಿ ಬಾಯಾರ, ನಿಮ್ಮ ಮನ್ಯಾಗ ಇರ್ಲಿ. ನಮ್ಮ ಮನಿಗಿ ಬೀಗ ಬೀಳ್ತದ" ಎಂದು ಎರಡೂ ಕೈಯಿಂದ ಕೊಟ್ಟಳು. ರೊಕ್ಕ ಮುಟ್ಟಲಿಲ್ಲ. ನಾನು ಒಂದು ಇಳಕಲ್ ಸೀರೆ ಉಡಿಯಲ್ಲಿಟ್ಟು ಬಂದೆ. ಆಗ ಅದರ ಮೈತುಂಬ ಹಳದಿ ಜಿಡ್ಡಿತ್ತು. ಸೋಡಾಪುಡಿ ಹಾಕಿದ ಬೆಚ್ಚನೆಯ ನೀರಿನಲ್ಲಿ ಎರಡು ದಿನ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದ ಮೇಲೆ ಒಳಗಿನ ಬಿಳುಪು ಹೊರಬಂತು. ನನ್ನ ಬದುಕಿನಲ್ಲಿ ನಾನು ಕಂಡುಹಿಡಿದದ್ದು ಏನಾದರೂ ಇದ್ದರೆ ಆ ಬಿಳುಪು.

ನೀನು ಬಂದ ದಿನ ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದೆ. "ಇದನ್ನ ತೊಳೆದೆಯಾ?" ಎಂದೆ. ಆ ದನಿ ನನಗೆ ಹೊಸದಾಗಿತ್ತು. ಆಮೇಲೆ ನೀನೂ ಅತ್ತೆಯೂ ಅಡುಗೆಮನೆಯಲ್ಲಿ ಏನೋ ಮಾತಾಡುತ್ತಿದ್ದಿರಿ. ನಾನು ಬಂದೊಡನೆ ನಿಂತಿತು.

ಕಪಾಟಿಗೆ ಬೀಗವಿದೆ. ಕೀಲಿ ಕವನ ಸಂಕಲನಗಳ ಸಾಲಿನ ಹಿಂದೆ ಇರುತ್ತದೆ, ಓದುವವರ ಕೈ ಮಾತ್ರ ಹೋಗುವ ಜಾಗ. ಅತ್ತೆಗೆ ಅಕ್ಷರ ಬರುವುದಿಲ್ಲ, ಇವರಿಗೆ ಬ್ಯಾಂಕಿನ ಕಾಗದ ಬಿಟ್ಟರೆ ಬೇರೆ ಓದಿಲ್ಲ. ನಿನ್ನೆ ಧೂಳು ಒರೆಸಲು ತೆರೆದಾಗ ಗುಬ್ಬಿಯ ಜಾಗ ಖಾಲಿಯಿರಲಿಲ್ಲ. ಅಕ್ಕಪಕ್ಕದವನ್ನು ಸರಿಸಿ ಸಂದು ಮುಚ್ಚಲಾಗಿತ್ತು. ಗೊತ್ತಿಲ್ಲದ ಕಳ್ಳ ಹಾಗೆ ಮಾಡುವುದಿಲ್ಲ.

ನಾನು ಏನನ್ನೂ ಹೇಳುತ್ತಿಲ್ಲ. ನಿನಗೆ ಏನಾದರೂ ನೆನಪಿದ್ದರೆ ಬರೆ.

ನಿನ್ನ
ಪರಿಮಳಾ


ಸಗರ
2 ಡಿಸೆಂಬರ್ 2023

ಪರಿಮಳಾ,

"ನಾನು ಏನನ್ನೂ ಹೇಳುತ್ತಿಲ್ಲ" ಅಂತ ಬರೆಯಲು ನಿನಗೆ ಎರಡು ಹಾಳೆ ಬೇಕಾಯಿತು. ಕೇಳಬೇಕಾದ್ದು ಒಂದೇ ಸಾಲು: ದೇವಿಕಾ, ನೀನು ಕದ್ದೆಯಾ?

ಕದ್ದಿಲ್ಲ.

ಇದೇ ಪ್ರಶ್ನೆಗೆ ಇದೇ ಉತ್ತರವನ್ನು 1997ರಲ್ಲೂ ಕೊಟ್ಟಿದ್ದೆ. ಹಾಸ್ಟೆಲಿನಲ್ಲಿ ನಿನ್ನ ಅಜ್ಜಿಯ ಜುಮಕಿಯಲ್ಲಿ ಒಂದು ಕಾಣೆಯಾಯಿತು. ನಮ್ಮ ಸಾಲಿನಲ್ಲಿ ಹದಿನಾಲ್ಕು ಹುಡುಗಿಯರಿದ್ದೆವು, ಹದಿನಾಲ್ಕು ಟ್ರಂಕುಗಳಿದ್ದವು. ತೆಗೆಸಿದ್ದು ಒಂದನ್ನೇ. ಅದಕ್ಕೂ ಮೊದಲು ಊರಿಂದ ಅವ್ವನನ್ನು ಕರೆಸಿದರು. ಶಾಲೆಯ ಮೆಟ್ಟಿಲು ಹತ್ತದ ನಮ್ಮವ್ವ ಮೊದಲ ಸಲ ನನ್ನ ಹಾಸ್ಟೆಲ್ ನೋಡಿದ್ದು ಹಾಗೆ. ವಾರ್ಡನ್ ನನ್ನ ಒಳಬಟ್ಟೆ ಒಂದೊಂದೇ ಎತ್ತಿ ಝಾಡಿಸುವಾಗ ಅವಳು ಬಾಗಿಲ ಹತ್ತಿರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಒಂದೇ ಟ್ರಂಕು ಯಾಕೆ ಅಂತ ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಜುಮಕಿ ಸಿಗಲಿಲ್ಲ. ಸಿಗಲಿಲ್ಲ ಅಂದರೆ ಕದ್ದಿಲ್ಲ ಅಂತ ಆಗುವುದಿಲ್ಲ, ಚೆನ್ನಾಗಿ ಮುಚ್ಚಿಟ್ಟಿದ್ದಾಳೆ ಅಂತಾಗುತ್ತದೆ. ಇದನ್ನು ಆಗಲೇ ಕಲಿತೆ.

ಅದೇ ಟ್ರಂಕು ಇನ್ನೂ ಇದೆ. ಇದರ ಜೊತೆ ಅದರ ಕೀಲಿ ಇಟ್ಟಿದ್ದೇನೆ. ಈ ಸಲ ವಾರ್ಡನ್ ಬೇಡ, ನೀನೇ ಬಂದು ನೋಡು.

ದೇವಿಕಾ


ಯಾದಗಿರಿ
17 ಡಿಸೆಂಬರ್ 2023

ದೇವಿಕಾ,

ಕೀಲಿ ಬಂತು. ತೂಕಕ್ಕೆ ಲಕೋಟೆಯ ಮೂಲೆ ಹರಿದು, ಅಂಚೆಯವರು ಅದಕ್ಕೆ ಟೇಪು ಸುತ್ತಿದ್ದರು. ಅದನ್ನು ನೀನು ಸಿಟ್ಟಿನಲ್ಲಿ ಕಳಿಸಿದ್ದೀಯೆಂದು ತಿಳಿದಿದ್ದೇನೆ. ಆ ಹಳೆಯ ಮಾತು ಈಗ ಬೇಡ. ಆಗ ನಮಗೆ ಇಪ್ಪತ್ತೆರಡು ವರ್ಷ. ವಾರ್ಡನ್ ಮಾಡಿದ್ದಕ್ಕೆ ನಾನು ಹೇಗೆ ಹೊಣೆ?

ನೀನು ನೇರ ಕೇಳು ಎಂದೆ. ಕೇಳುತ್ತೇನೆ.

ಹೋದ ವಾರ ಮದೀನಾಬೀ ಬಂದಿದ್ದಳು. ಬೇಕೆಂದೇ ಬಳೆ ತೊಡಿಸಿಕೊಳ್ಳಲು ಕೂತೆ, ಎದ್ದು ಹೋಗಬಾರದೆಂದು.

"ಮದೀನಾಬೀ, ಆ ಗುಬ್ಬಿ ಎಲ್ಲಿ ಹೋತು?"

"ಯಾವ ಗುಬ್ಬಿ ಬಾಯಾರ? ನಿಮ್ಮ ಕಪಾಟಿನ್ಯಾಗ ದಂಡೇ ಅದ."

"ಸಗರದ್ದು."

ಅವಳ ಕೈ ಒಂದು ಗಳಿಗೆ ನಿಂತಿತು. "ಕೈ ಸಡಿಲ ಬಿಡ್ರಿ. ಹಿಂಗ ಬಿಗಿ ಹಿಡದ್ರ ಬಳಿ ಒಡಿತಾವ."

"ನಿನಗ ಗೊತ್ತದ. ಹೇಳು."

"ಅದು ಎಲ್ಲಿ ಇರಬೇಕೋ ಅಲ್ಲಿ ಅದ, ಸುಮ್ಮ ಇರ್ರಿ. ನನ್ನ ಬಾಯಿ ಬಿಡಿಸಬ್ಯಾಡ್ರಿ. ಮೂವತ್ತು ವರ್ಷ ಆತು ನಾ ಮನಿ ಒಳಗಿಂದು ಹೊರಗ ಹೇಳಿದಾಕಿ ಅಲ್ಲ. ಹೇಳಿದ್ರ ನನ್ನ ಬಳಿ ಯಾರು ಇಟ್ಟುಕೋತಾರ?"

ಒಳಗೆ ಅತ್ತೆ ಕೆಮ್ಮಿದರು. ಮದೀನಾಬೀ ಬುಟ್ಟಿ ಕಟ್ಟಿಕೊಂಡು, ಬಳೆಯ ದುಡ್ಡನ್ನೂ ತೆಗೆದುಕೊಳ್ಳದೆ ಹೋದಳು.

ಈಗ ಎರಡನೆಯದು. ಅವಳು ತಾನು ತೊಡಿಸಿದ ಬಳೆಗಳ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಾಳೆ, ವ್ಯಾಪಾರಕ್ಕೆಂದು. ನವೆಂಬರ್ 29ರಂದು ಒಂದು ಕುಬಸ ಶಾಸ್ತ್ರದ ಫೋಟೋ ಹಾಕಿದ್ದಳು. ಬಸುರಿಯ ಮುಖ ಕಾಣುವುದಿಲ್ಲ. ಮೊಣಕೈವರೆಗೆ ಹಸಿರು ಬಳೆ, ಉಡಿಯಲ್ಲಿ ಕೊಬ್ಬರಿ, ಅಕ್ಕಿ, ಮತ್ತು ಒಂದು ಹಕ್ಕಿ. ವಾರೆ ಕತ್ತು. ಮೈ ಪೂರ್ತಿ ಹಳದಿ. ಅದನ್ನು ಉಡಿಯಲ್ಲಿ ಇಡುತ್ತಿರುವ ಒಂದು ಕೈ ಮಾತ್ರ ಚೌಕಟ್ಟಿನೊಳಗೆ ಬಂದಿದೆ. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ. ಹಾಸ್ಟೆಲಿನಲ್ಲಿ ಸ್ಟೋವ್ ಹೊತ್ತಿಸುವಾಗ ಆದದ್ದು. ಆ ಕಲೆಗೆ ಬರ್ನಾಲ್ ಹಚ್ಚಿದವಳು ನಾನು.

ನೋಡಿದ ಅರ್ಧ ತಾಸಿನಲ್ಲಿ ಫೋಟೋ ಅಳಿಸಿಹೋಯಿತು. ಅಷ್ಟರಲ್ಲಿ ನಾನು ಉಳಿಸಿಕೊಂಡಿದ್ದೆ. ನೀನೇ ಹೇಳುತ್ತೀಯೆಂದು ಹದಿನೆಂಟು ದಿನ ಸುಮ್ಮನಿದ್ದೆ. ನೀನು ಕದ್ದಿಲ್ಲ ಎಂದು ಬರೆದೆ, ಫೋಟೋದ ಮಾತು ಬರೆಯಲಿಲ್ಲ.

ನನ್ನ ಹಕ್ಕಿಗೆ ಹಳದಿ ಬಣ್ಣ ಬಳಿದದ್ದು ಯಾಕೆ? ಗುರುತು ಸಿಗದಿರಲೆಂದೇ? ಇವರು ಪೊಲೀಸರಿಗೆ ಹೇಳೋಣ ಎನ್ನುತ್ತಿದ್ದಾರೆ. ನಾನು ತಡೆದಿದ್ದೇನೆ. ಆ ಫೋಟೋ ತೋರಿಸಿದರೆ ಅವರು ಮೊದಲು ಬರುವುದು ನಿನ್ನ ಶಾಲೆಗೆ. ಅದು ಆಗಬಾರದೆಂದು ಬರೆಯುತ್ತಿದ್ದೇನೆ, ಬೆದರಿಸಲು ಅಲ್ಲ.

ಪರಿಮಳಾ


ಸಗರ
26 ಡಿಸೆಂಬರ್ 2023

ಪರಿಮಳಾ,

ಆ ಕೈ ನನ್ನದೇ. ಹಕ್ಕಿ ನಿನ್ನ ಕಪಾಟಿನಲ್ಲಿದ್ದದ್ದೇ. ನಾನು ಕದ್ದಿಲ್ಲ. ಈ ಮೂರೂ ನಿಜ.

ಇದಕ್ಕಿಂತ ಹೆಚ್ಚು ಈಗ ಹೇಳುವುದಿಲ್ಲ. ಹೇಳಲು ಬರುವುದಿಲ್ಲ ಅಂತಲ್ಲ. ಒಬ್ಬಳಿಗೆ ಮಾತು ಕೊಟ್ಟಿದ್ದೇನೆ.

ಬೆದರಿಕೆ ಅಲ್ಲ ಅಂತ ಬರೆದೆ. ಶಾಲೆಯ ಹೆಸರು ಎತ್ತಿದ ಮೇಲೆ ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಇದೇ ಊರಲ್ಲಿ ಪಾಠ ಮಾಡುತ್ತಿದ್ದೇನೆ. ಶಾಲೆಯ ಬಾಗಿಲಿಗೆ ಪೊಲೀಸರು ಬಂದು ನಿಂತರೆ, ಸುಳ್ಳಾಗಲಿ ನಿಜವಾಗಲಿ, ಈ ಊರಿಗೆ ಅಷ್ಟು ಸಾಕು. ಅದು ತಿಳಿದೇ ಹೇಳುತ್ತೇನೆ: ಕಂಪ್ಲೇಂಟ್ ಕೊಡುವುದಿದ್ದರೆ ಕೊಡು. ಒಂದೇ ಬೇಡಿಕೆ, ಎರಡು ತಿಂಗಳು ತಡೆದು ಕೊಡು. ನನ್ನ ಸಲುವಾಗಿ ಅಲ್ಲ.

ನೀನು ಇಷ್ಟೆಲ್ಲ ತಪಾಸಣೆ ಮಾಡಿದೆ. ಸಗರದವಳನ್ನು, ಬಳೆಗಾರ್ತಿಯನ್ನು, ಫೋಟೋದ ಕೈಯನ್ನು. ನಿನ್ನ ಹೊಸ್ತಿಲ ಒಳಗೆ ಒಬ್ಬರನ್ನಾದರೂ ಕೇಳಿದೆಯಾ?

ದೇವಿಕಾ


ಯಾದಗಿರಿ
20 ಜನವರಿ 2024

ದೇವಿಕಾ,

ಇದನ್ನು ನಿಮ್ಮವ್ವ ಆಗಲೇ ಹೇಳಿರುತ್ತಾರೆ. ಆದರೂ ನನ್ನ ಕೈಯಿಂದ ಬರೆಯಬೇಕು.

ಮೊನ್ನೆ ಗುರುವಾರ ನಾನು ಸಗರಕ್ಕೆ ಬಂದಿದ್ದೆ. ಲೈಬ್ರರಿಗೆ ರಜೆ ಹಾಕಿ, ಮನೆಯಲ್ಲಿ ಹೇಳದೆ, ನೀನು ಶಾಲೆಯಲ್ಲಿರುವ ಹೊತ್ತು ನೋಡಿಕೊಂಡು. ಭೀಮಾ ಸೇತುವೆ ದಾಟುವಾಗ ಪರ್ಸಿನೊಳಗಿನ ಕೀಲಿಯನ್ನು ನೀರಿಗೆ ಎಸೆದು ಮುಂದಿನ ನಿಲ್ದಾಣದಲ್ಲಿ ಇಳಿದುಬಿಡಬೇಕೆನ್ನಿಸಿತು. ಇಳಿಯಲಿಲ್ಲ. ಶಹಾಪುರದಲ್ಲಿ ಬಸ್ಸು ಬದಲಿಸುವಾಗ ಮಲಗಿದ ಬುದ್ಧನ ಗುಡ್ಡದ ಕಡೆ ಬೆನ್ನು ಮಾಡಿ ನಿಂತೆ. ನೀನು ಹಾಸ್ಟೆಲಿನಲ್ಲಿ ಆ ಗುಡ್ಡದ ಚಿತ್ರ ಬರೆದು ನನ್ನ ಮೇಜಿನ ಮೇಲೆ ಅಂಟಿಸಿದ್ದೆ.

ಬಾಗಿಲು ತೆರೆದೇ ಇತ್ತು. ನಿಮ್ಮವ್ವ ಬಾಲಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಏಳಲಿಲ್ಲ, ಬೆರಗಾಗಲೂ ಇಲ್ಲ.

"ಬರ್ರಿ. ಬಿಸಲಾಗ ಬಂದೀರಿ, ನೀರು ಕುಡೀರಿ" ಎಂದರು. ನಾನು ಈ ಕಡೆ ಒಂದು ಕೆಲಸಕ್ಕೆ ಬಂದಿದ್ದೆ ಎಂದು ಸುಳ್ಳು ಪೋಣಿಸತೊಡಗಿದೆ. ಅವರು ಕೈ ಅಡ್ಡ ಮಾಡಿದರು.

"ಹುಡುಕಾಕ ಬಂದೀರಿ, ಹೌದಿಲ್ಲ? ದೇವಿಕಾ ಹೇಳ್ಯಾಳ. ಪರಿಮಳಾ ಬರ್ತಾಳ ಯವ್ವಾ, ಬಂದ್ರ ಮೊದಲ ಚಾ ಕೊಡು, ಆಮ್ಯಾಲ ಟ್ರಂಕ್ ತೋರ್ಸು ಅಂತ."

ಚಹಾ ಕೊಟ್ಟರು. ಕುಡಿದೆ, ದೇವಿಕಾ. ಲೋಟ ಕೆಳಗಿಡುವಾಗ ಅವರು, "ನಿಮ್ಮ ಹಾಸ್ಟೆಲಿನ ಆ ವಾರ್ಡನ್ ಬಾಯಿ ಚಾ ಕೊಟ್ಟಿದ್ದಿಲ್ಲ ನೋಡ್ರಿ" ಎಂದು ನಕ್ಕರು. ನಗುವಾಗ ಮೊರದ ಮೇಲಿನ ಕಣ್ಣು ಎತ್ತಲಿಲ್ಲ.

ಎದ್ದು ಹೊರಟುಬಿಡಬಹುದಿತ್ತು. ಮನುಷ್ಯರು ಹಾಗೆ ಮಾಡುತ್ತಾರೆ. ನಾನು ಒಳಗೆ ಹೋಗಿ ಟ್ರಂಕಿನ ಮುಂದೆ ಕೂತು ಬೀಗ ತೆಗೆದೆ. ಒಂದು ಕಂಬಳಿ, ಎರಡು ಸ್ವೆಟರ್, ನಿನ್ನ ಅಂಕಪಟ್ಟಿಗಳು, ಅಡಿಯಲ್ಲಿ ಹಾಸಿದ ಹಳೆಯ ಪೇಪರು. ಪೇಪರನ್ನೂ ಎತ್ತಿದೆ. ನನ್ನ ಕೈ ಕಂಬಳಿಯನ್ನು ಝಾಡಿಸಿತು. ಆ ಸದ್ದು ಎಲ್ಲಿ ಕೇಳಿದ್ದೆನೆಂದು ಆಮೇಲೆ ನೆನಪಾಯಿತು. ತಿರುಗಿದರೆ ನಿಮ್ಮವ್ವ ಬಾಗಿಲ ಹತ್ತಿರ ನಿಂತಿದ್ದರು.

ಹಕ್ಕಿ ಇರಲಿಲ್ಲ. ನಾಚಿಕೆ ಆಯಿತೆಂದು ಬರೆದರೆ ನಿನಗೆ ಸಾಲದು, ನನಗೂ ಸಾಲದು. ಆದರೆ ನಿಜ ಹೇಳುತ್ತೇನೆ: ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆಯ ಜೊತೆಗೇ ಇನ್ನೊಂದು ದನಿ ಇತ್ತು. ಇಲ್ಲಿಲ್ಲವೆಂದರೆ ಮತ್ತೆಲ್ಲಿ ಇಟ್ಟಿದ್ದಾಳೆ?

ಈ ದನಿ ನನ್ನೊಳಗೆ ಯಾವಾಗ ಬಂದು ಕೂತಿತು, ಯಾರು ತಂದಿಟ್ಟರು, ನನಗೆ ಗೊತ್ತಿಲ್ಲ. ಮಾಡದಲ್ಲಿ ತಲೆಮಾರಿನಿಂದ ಇರುವ ಸಾಮಾನಿನಂತೆ ಇದೆ.

ಪೊಲೀಸರ ಮಾತು ಬಿಟ್ಟಿದ್ದೇವೆ. ಮನೆಯೊಳಗೆ ಯಾರನ್ನೂ ಕೇಳಿಲ್ಲ. ಕೇಳುವುದಾದರೂ ಯಾರನ್ನು? ಅತ್ತೆ ಆ ಕಪಾಟಿನ ಹತ್ತಿರವೂ ಹೋಗುವವರಲ್ಲ.

ಕೀಲಿ ನನ್ನ ಹತ್ತಿರವೇ ಇದೆ.

ಪರಿಮಳಾ


ಸಗರ
27 ಫೆಬ್ರವರಿ 2024

ಪರಿಮಳಾ,

ಇವತ್ತು ಮುಂಜಾನೆ ಲಕ್ಷ್ಮಿಯ ಮಗಳನ್ನು ತೊಟ್ಟಿಲಿಗೆ ಹಾಕಿದರು. ಈಗ ಬಾಯಿ ಬಿಡಬಹುದು.

ಲಕ್ಷ್ಮಿ ಭೀಮವ್ವನ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ. ನೀನು ತೊಳೆದ ಗುಬ್ಬಿ ಭೀಮವ್ವನದಲ್ಲ. ಅದು ಯಾರದೂ ಅಲ್ಲ, ಆ ಓಣಿಯದು. ಸುರಪುರದ ಯಾವುದೋ ದೊಡ್ಡ ಮನೆಯಿಂದ ಬಂತು ಅಂತಾರೆ, ಹೇಗೆ ಬಂತೋ ತಿಳಿದವರಿಲ್ಲ. ಆ ಓಣಿಯಲ್ಲಿ ಯಾರಿಗೆ ಕುಬಸ ಮಾಡಿದರೂ ಉಡಿಯಲ್ಲಿ ಅದನ್ನು ಇಡುತ್ತಾರೆ, ಅರಿಷಿಣ ಹಚ್ಚುತ್ತಾರೆ. ಮುಂದಿನ ಕುಬಸದ ತನಕ ಅದು ಅದೇ ಮನೆಯ ಮಾಡದಲ್ಲಿರುತ್ತದೆ. ಬೀಗ ಬಿದ್ದ ಮನೆಯಲ್ಲಿ ಮಾತ್ರ ಇಡುವಂತಿಲ್ಲ. ಅದಕ್ಕೇ ಮುಂಬೈಗೆ ಹೋಗುವಾಗ ಭೀಮವ್ವ, ಮುಂದಿನ ಕುಬಸದ ತನಕ ಇರಲಿ ಅಂತ, ನಿನ್ನ ಕೈಗೆ ಕೊಟ್ಟಳು. ನೀನು ಸೀರೆ ಇಟ್ಟೆ. ಕೊಂಡೆ ಅಂತ ನೀನು ತಿಳಿದೆ. ಉಡಿ ತುಂಬಿದಳು, ರೂಢಿ ಬಲ್ಲವಳು ಅಂತ ಅವಳು ತಿಳಿದಳು. ನೀನು ಒಯ್ದು ಬೀಗ ಹಾಕಿದೆ.

ಗುಬ್ಬಿ ಯಾರ ಮನೆಯಿಂದ ಬಂತು, ಯಾರ ಉಡಿಗೆ ಹೋಯಿತು ಅಂತ ತೊಟ್ಟಿಲ ಶಾಸ್ತ್ರ ಆಗುವ ತನಕ ಓಣಿಯ ಹೊರಗೆ ಹೇಳುವಂತಿಲ್ಲ. ಹೇಳಿದರೆ ದೃಷ್ಟಿ. ನಾನು ಇದನ್ನೆಲ್ಲ ನಂಬುವವಳಲ್ಲ, ನಿನಗೆ ಗೊತ್ತು. ಆದರೆ ಲಕ್ಷ್ಮಿಗೆ ಎರಡು ಸಲ ಹೊಟ್ಟೆ ನಿಂತಿರಲಿಲ್ಲ. ಎರಡನೆಯ ಸಲ ರಕ್ತ ಹರಿಯುವಾಗ ಅವಳನ್ನು ಆಟೋದಲ್ಲಿ ಶಹಾಪುರದ ದವಾಖಾನೆಗೆ ಒಯ್ದವಳು ನಾನು. ಈ ಸಲ ಅವಳು ನನ್ನ ಕೈ ಹಿಡಿದು, "ಅಕ್ಕೋರ, ಯಾರ ಮುಂದೂ ಅನಬ್ಯಾಡ್ರಿ" ಅಂದಳು. ಅನ್ನಲಿಲ್ಲ. ನಂಬಿಕೆ ಅವಳದು, ಮಾತು ನನ್ನದು.

ನಿನ್ನನ್ನು ಕೇಳಿಯೇ ಒಯ್ಯಬೇಕಿತ್ತು. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ನೀನು "ನೂರು ವರ್ಷದ್ದು, ಒಡೆದರೆ?" ಅನ್ನುತ್ತಿದ್ದೆ. ಬಸುರಿಗೆ ಇಲ್ಲ ಅಂದರೆ ಅದೂ ಆಗದು. ಅದಕ್ಕೆ, ಮಗಳ ಕುಬಸಕ್ಕೆಂದು ಮುಂಬೈಯಿಂದ ಬಂದಿದ್ದ ಭೀಮವ್ವನ ಮಾತನ್ನು ನಿಮ್ಮ ಅತ್ತೆಗೆ ಮುಟ್ಟಿಸಿದೆ, ಅಡುಗೆಮನೆಯಲ್ಲಿ. ಮರುದಿನ ನೀನು ಲೈಬ್ರರಿಗೆ ಹೋದಾಗ ಭೀಮವ್ವ ಬಂದಳು. ಕೀಲಿ ತೆಗೆದವರು ನಿಮ್ಮ ಅತ್ತೆ ಹನುಮಮ್ಮ. ಸಂದು ಮುಚ್ಚಿದವರೂ ಅವರೇ. ನಿನ್ನ ಹಕ್ಕಿಗಳು ಎಷ್ಟೆಷ್ಟು ಬೆರಳು ದೂರ ಕೂರುತ್ತವೆ ಅಂತ ನಿನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕುಬಸದ ದಿನ ಅರಿವೆ ಬಿಚ್ಚಿದಾಗ ಮುದುಕಿಯರು ಕೂಗಿಕೊಂಡರು. "ಯವ್ವಾ, ಗುಬ್ಬಿ ಬೆಳ್ಳಗಾಗ್ಯಾದ!" ಒಬ್ಬಳಂತೂ ಅತ್ತಳು. ಅವಳವ್ವ ಹಚ್ಚಿದ ಅರಿಷಿಣ ಅದರ ಮೇಲಿತ್ತಂತೆ. ನೀನು ಎರಡು ದಿನ ನೆನೆಸಿ ತೆಗೆದದ್ದು ಜಿಡ್ಡಲ್ಲ. ಮತ್ತೆ ಎಲ್ಲರೂ ಕೂತು ಹಚ್ಚಿದರು. ಅದೇ ನೀನು ಕಂಡ ಬಣ್ಣ.

ಇನ್ನು ಆ ಕೈ. ಆ ಗುಬ್ಬಿ ನಮ್ಮ ಓಣಿಗೆ ಎಂದೂ ಬಂದಿಲ್ಲ, ಪರಿಮಳಾ. ನಮ್ಮವರ ಕೈಗೆ ಯಾರೂ ಕೊಟ್ಟಿಲ್ಲ. ಅವ್ವ ನನ್ನನ್ನು ಹೊತ್ತಾಗ ದೂರದಿಂದ ನೋಡಿದ್ದಳಂತೆ, ಅಷ್ಟೇ. ಲಕ್ಷ್ಮಿ ಆವತ್ತು ಹಟ ಹಿಡಿದಳು, ಅಕ್ಕೋರೇ ಇಡಬೇಕು ಅಂತ. ಕೆಲವರು ಗುಸುಗುಸು ಅಂದರು. ಭೀಮವ್ವ, "ಜೀವ ಉಳಿಸಿದ ಕೈ ಅದು. ಯಾರಿಗಿ ಒಲ್ಲೆನಸ್ತದ ಅವರು ಮನಿಗಿ ಹೋಗ್ರಿ" ಅಂದಳು. ಯಾರೂ ಏಳಲಿಲ್ಲ. ನಾನು ಇಟ್ಟೆ.

ಅದೇ ಗಳಿಗೆ ಫೋಟೋದಲ್ಲಿ ಬಂತು. ಅದರಲ್ಲಿ ನೀನು ಕಳ್ಳಿಯನ್ನು ಕಂಡೆ.

ದೇವಿಕಾ


ಯಾದಗಿರಿ
6 ಮಾರ್ಚ್ 2024

ದೇವಿಕಾ,

ನಿನ್ನ ಪತ್ರ ಓದಿ ಅಡುಗೆಮನೆಗೆ ಹೋದೆ. ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು.

"ಕೀಲಿ ಎಲ್ಲಿರ್ತದಂತ ನಿಮಗ ಹ್ಯಾಂಗ ಗೊತ್ತಾತು?"

"ದಿನಾ ಆ ಪುಸ್ತಕದ ಧೂಳ ಹೊಡಿಯಾಕಿ ಯಾರು? ಓದಾಕ ಬರಲ್ಲಂದ್ರ ನೋಡಾಕೂ ಬರಲ್ಲೇನು?"

"ನನಗ್ಯಾಕ ಹೇಳಲಿಲ್ಲ?"

"ಹೇಳೂಹಂಗಿಲ್ಲ. ನಮ್ಮ ತವರೂರು ಬಳಿಚಕ್ರದಾಗೂ ಹಿಂಥಾವು ಅದಾವ, ನಂಗ ಗೊತ್ತಿಲ್ಲೇನು? ಮತ್ತ ನೀ ಕೇಳಿದ್ರ ಕೂಸು ಹುಟ್ಟೂತನಕ ತಡಿ ಅಂತಿದ್ದೆ. ನೀ ಕೇಳಲೇ ಇಲ್ಲ." ಇನ್ನೊಂದು ಗಡ್ಡೆ ಕೈಗೆ ತೆಗೆದುಕೊಂಡು, "ದೇವಿಕಾಗ ಕಾಗದ ಬರದಿ ಅಂತ ಗೊತ್ತಾತು. ನನ್ನ ಬಿಟ್ಟು ಆಕಿಗೇ ಯಾಕ ಬರದಿ?" ಎಂದರು.

ಬೆಳ್ಳುಳ್ಳಿಯ ಸಿಪ್ಪೆ ಫ್ಯಾನಿನ ಗಾಳಿಗೆ ಹಾರುತ್ತಿತ್ತು. ನಾನು ಅದನ್ನು ಆರಿಸುತ್ತ ಕೂತೆ. ಉತ್ತರ ನನಗೆ ಗೊತ್ತಿತ್ತು. ಈಗ ಬರೆಯುತ್ತೇನೆ.

ಜುಮಕಿ ಸಿಕ್ಕಿತ್ತು, ದೇವಿಕಾ.

ನಿನ್ನ ಟ್ರಂಕು ತೆರೆಸಿದ ನಾಲ್ಕನೆಯ ದಿನ. ನನ್ನ ದಿಂಬಿನ ಗಲೀಫಿನ ಮೂಲೆಯಲ್ಲಿ, ಹೊಲಿಗೆಯ ಸಂದಿನಲ್ಲಿ. ಮಲಗಿದಾಗ ಕಳಚಿದ್ದು. ಕೈಯಲ್ಲಿ ಹಿಡಿದು ವಾರ್ಡನ್ ಕೋಣೆಗೆಂದು ಮೆಟ್ಟಿಲಿಳಿದೆ. ಅರ್ಧ ಇಳಿದಾಗ ಊಟದ ಗಂಟೆ ಹೊಡೆಯಿತು, ಎಲ್ಲರೂ ತಾಟು ಹಿಡಿದು ಎದುರು ಬಂದರು. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎನ್ನಿಸಿತು. ಹಾಗೆ ಒಂದೊಂದೇ ದಿನ ಸೇರಿ ಇಪ್ಪತ್ತಾರು ವರ್ಷ.

ನಿನಗೆ ಪತ್ರ ಬರೆಯಲು ಕೂತಾಗಲೆಲ್ಲ ಮೊದಲ ಸಾಲು ಅದೇ ಇರುತ್ತಿತ್ತು. ಆಮೇಲೆ ಅದನ್ನು ಬಿಟ್ಟು ಎರಡನೆಯ ಸಾಲಿನಿಂದ ಬರೆಯುತ್ತಿದ್ದೆ. ನವೆಂಬರಿನಲ್ಲಿ ಗುಬ್ಬಿ ಕಾಣದಾದಾಗ ನನ್ನೊಳಗೆ ಒಂದು ನೀಚ ಸಮಾಧಾನವಾಯಿತು. ಇದನ್ನು ನೀನು ತೆಗೆದಿದ್ದರೆ, ಅವತ್ತು ನಾನು ಸುಮ್ಮನಿದ್ದದ್ದಕ್ಕೆ ಒಂದು ನೆಪ ಸಿಗುತ್ತದೆ ಎಂದು. ಅತ್ತೆಯನ್ನು ಕೇಳದೆ ನಿನಗೆ ಬರೆದದ್ದು ಅದಕ್ಕೆ.

ಗುಬ್ಬಿ ನನಗೆ ಬೇಡ. ಕಪಾಟಿನ ಬೀಗ ತೆಗೆದಿದ್ದೇನೆ. ನಿನ್ನ ಕೀಲಿಯನ್ನು ಮಾತ್ರ ಹಿಂತಿರುಗಿಸಬೇಕು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲೇ?

ಕ್ಷಮಿಸು ಎಂದು ಕೇಳುವ ಹಕ್ಕು ನನಗಿಲ್ಲ, ಕೇಳುತ್ತಿಲ್ಲ.

ಪರಿಮಳಾ


ಸಗರ
15 ಮಾರ್ಚ್ 2024

ಪರಿಮಳಾ,

ಜುಮಕಿ ಸಿಕ್ಕದ್ದು ನನಗೆ ಗೊತ್ತು.

ನಿನ್ನ ಮದುವೆಗೆ ಸುರಪುರಕ್ಕೆ ಬಂದಿದ್ದೆನಲ್ಲ. ಹೊಸ ಮದುಮಗಳು ತುಪ್ಪ ಬಡಿಸಬೇಕು ಅಂತ ನಿನ್ನನ್ನು ಪಂಕ್ತಿಗೆ ಕರೆತಂದರು. ನನ್ನ ಎಲೆಯ ಮುಂದೆ ನೀನು ಬಗ್ಗಿದಾಗ ಕಿವಿಯಲ್ಲಿ ಜುಮಕಿ ತೂಗಿದವು. ಎಣಿಸಿದೆ. ಎರಡು. ಸಾಕು ಅನ್ನುವುದನ್ನು ಮರೆತೆ, ತುಪ್ಪ ಎಲೆ ದಾಟಿ ಹರಿಯಿತು. ಎಲ್ಲರೂ ನಕ್ಕರು, ನೀನೂ ನಕ್ಕೆ. ನಾನು ಉಂಡು ಎದ್ದೆ.

ಆಮೇಲೂ ನಿನಗೆ ಬರೆಯುತ್ತಲೇ ಇದ್ದೆ. ಯಾಕೆ ಅಂತ ನನ್ನನ್ನು ಕೇಳಬೇಡ. ಪ್ರತಿ ಪತ್ರ ಒಡೆಯುವಾಗ ಮೊದಲ ಸಾಲು ನೋಡುತ್ತಿದ್ದೆ.

ಗುಬ್ಬಿ ಈಗ ಎಲ್ಲಿದೆ ಅಂತಲೂ ಕೇಳಬೇಡ, ಹೇಳುವಂತಿಲ್ಲ. ನಮ್ಮ ಓಣಿಯಲ್ಲಿ ಒಬ್ಬಳಿಗೆ ಈಗ ಏಳು ತಿಂಗಳು. ಇಷ್ಟೇ ಹೇಳುತ್ತೇನೆ.

ಕೀಲಿಯನ್ನು ಅಂಚೆಗೆ ಹಾಕಬೇಡ. ನೀನೇ ತಗೊಂಡು ಬಾ, ನಾನು ಮನೆಯಲ್ಲಿರುವ ದಿನ. ಅವ್ವ ಚಹಾ ಕೊಡುತ್ತಾಳೆ. ಈ ಸಲ ಟ್ರಂಕು ತೋರಿಸುವುದಿಲ್ಲ.

ಬರುವಾಗ ಆ ಜುಮಕಿ ಹಾಕಿಕೊಂಡು ಬಾ. ಎರಡೂ. ಅವ್ವ ನೋಡಲಿ.

ದೇವಿಕಾ